ನಾಲ್ಕು ಸ್ವರಗಳ ಜಾಗ

ಅಮಗಸಾಕಿ
೧೨ ನವೆಂಬರ್ ೨೦೨೫

ಮೊರಿಸಾಕಿಯವರಿಗೆ ತೊಕಿಕೊಳ ನಮಸ್ಕಾರ.

ಎಲೆ ಕೆಂಪಾಯಿತು, ಚಳಿ ಬಂತು ಎಂದು ಶುರುಮಾಡುವುದು ಪದ್ಧತಿ. ಅದೆಲ್ಲ ನಿಮ್ಮ ಕಿಟಕಿಯಿಂದಲೂ ಕಾಣುತ್ತದೆ, ಬಿಡಿ. ನಮ್ಮಿಬ್ಬರ ವಿಚ್ಛೇದನವಾಗಿ ಹನ್ನೊಂದು ವರ್ಷದ ಮೇಲೆ ಬರೆಯುತ್ತಿರುವುದು ನಮ್ಮ ದಿಂಬಿನ ವಿಷಯಕ್ಕೆ.

ನಾವು ಮಾಡಿದ 'ಜಬು' ವಿಡಿಯೋ ಆಟಕ್ಕೆ ಮೂವತ್ತೈದು ವರ್ಷ ತುಂಬಿತು. ಕೂರಲು ಹಾಸುವ ದಿಂಬೊಂದು, ತನ್ನ ಮೇಲೆ ಯಾರೂ ಕೂರಬಾರದೆಂದು ಊರೆಲ್ಲ ನೆಗೆದು ಓಡುವ ಆ ಹುಚ್ಚು ಆಟಕ್ಕೆ ಈಗಲೂ ಜನ ಇದ್ದಾರೆ! ಜನವರಿಯಲ್ಲಿ ಒಸಾಕಾದಲ್ಲಿ ಅದರ ಹಾಡುಗಳ ಕಛೇರಿ, ನಲವತ್ತು ವಾದ್ಯಗಾರರು. ಮೊದಲ ಬಾರಿಗೆ ನನ್ನ ನಿಜವಾದ ಹೆಸರು ಅಚ್ಚಾಗಲಿದೆ. ಬೇರೆ ಕಂಪನಿಯವರು ನಮ್ಮನ್ನು ಹಾರಿಸಿಕೊಂಡು ಹೋದಾರೆಂದು ಮಾಲೀಕರು ಆಗ ಯಾರ ನಿಜ ಹೆಸರನ್ನೂ ಹಾಕುತ್ತಿರಲಿಲ್ಲವಲ್ಲ, ಬರೀ ಅಡ್ಡಹೆಸರು. ಅಭಿಮಾನಿಗಳಿಗೆ ನಾನು ಇವತ್ತಿಗೂ 'ಸಂಗೀತ: ಈರುಳ್ಳಿ'.

ಸ್ವರಲಿಪಿ ಕೇಳಿದರು. ಮೊದಲ ಕೆಲಸವಾಗಿ ಆ ನಾಲ್ಕು ಸ್ವರಗಳನ್ನು ವಾಪಸು ಸೇರಿಸಿದೆ. ನೆನಪಿದೆಯಲ್ಲ? ಆ ಯಂತ್ರಕ್ಕೆ ಬರುತ್ತಿದ್ದದ್ದು ಒಂದು ಸಲಕ್ಕೆ ಮೂರೇ ದನಿ. ದಿಂಬು ನೆಗೆದಾಗಲೆಲ್ಲ ನೀವು ಹಾಕಿದ 'ಪೊಂಯ್' ಶಬ್ದ ನನ್ನ ರಾಗದ ದನಿಯನ್ನೇ ಕಿತ್ತುಕೊಳ್ಳುತ್ತಿತ್ತು. ಮೊದಲ ಹಂತದಲ್ಲಿ ಪರದೆ ತಾನಾಗಿ ಸರಿಯುವುದರಿಂದ ಹಳ್ಳ ದಾಟಲು ಎಲ್ಲರೂ ಒಂದೇ ಕ್ಷಣಕ್ಕೆ ನೆಗೆಯಬೇಕು. ಎಲ್ಲರಿಗೂ ಅದೇ ನಾಲ್ಕು ಸ್ವರ ಮಾಯ. ಹಾಡಿನ ಜೀವವೇ ಅಲ್ಲಿತ್ತು. ಬೇರೆ ದನಿಗೆ ಹಾಕಿ ಎಂದು ಗೋಗರೆದರೆ ನೀವು ತಲೆ ಕೂಡ ಎತ್ತದೆ, "ಅಯ್ಯೋ, ಯಾರು ಕೇಳಿಸ್ಕೋತಾರೆ ಬಿಡಿ. ನೆಗೆದ್ರೆ ಶಬ್ದ ಬರ್ಬೇಕು, ಅಷ್ಟೆ" ಎಂದಿರಿ.

ಆಟ ಅಂಗಡಿಗೆ ಬಂದ ಮೇಲೂ ನನ್ನ ಚೀಲದಲ್ಲಿ ರಾಜೀನಾಮೆ ಇತ್ತು. ಡಬ್ಬಿಯೊಳಗೆ ಇಟ್ಟ ಅಭಿಪ್ರಾಯದ ಕಾರ್ಡುಗಳು ತುಂಬಿಕೊಂಡು ವಾಪಸು ಬಂದವು. ಎಲ್ಲರದೂ ಬೆಕ್ಕಿನ ಹಂತ ಕಷ್ಟವೆಂಬ ದೂರೇ. ತೊಯಾಮಾದ ಹತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ, "ದಿಂಬು ನೆಗೆಯುವಾಗ ಹಾಡೂ ಉಸಿರು ಹಿಡಿಯುತ್ತೆ, ನಾನೂ ಹಿಡೀತೀನಿ" ಎಂದು ಬರೆದಿದ್ದಳು. ರಾಜೀನಾಮೆ ಹರಿದು ಹಾಕಿದೆ.

ಕಳೆದ ವಾರ ಕಂಪನಿಯವರು ತಾಲೀಮಿನ ಒಂದು ನಿಮಿಷವನ್ನು ಅಂತರ್ಜಾಲಕ್ಕೆ ಹಾಕಿದರು. ಅಬ್ಬಾ, ಬಿದ್ದ ಬೈಗುಳವೇ! "ನಮ್ಮ ಹಾಡಿಗೆ ಬಾಲ ಅಂಟಿಸಿದ್ದು ಯಾರಪ್ಪಾ?" ಎಂದು ಒಬ್ಬ. "ಯಾರೋ ತೊಕಿಕೊ ಅಂತೆ. ಈರುಳ್ಳಿ ಸಾರ್ ಬದುಕಿದ್ದಿದ್ರೆ ಹೀಗಾಗೋಕೆ ಬಿಡ್ತಿರ್ಲಿಲ್ಲ" ಎಂದು ಇನ್ನೊಬ್ಬ. ಮೈಯೆಲ್ಲ ಉರಿದುಹೋಯಿತು. ನನ್ನ ಹಾಡನ್ನು ನನ್ನಿಂದಲೇ ಕಾಪಾಡುತ್ತಾರಂತೆ!

ಮೊನ್ನೆ ತಾಲೀಮಿಗೆ ಜಗಳ ಕಾಯಲೆಂದೇ ಹೋದೆ. ವಾದ್ಯವೃಂದ ನಡೆಸುವ ಫುಕಾಮಿ ಎಂಬ ಹುಡುಗಿ, "ಹಾಡು ನಿಮ್ದು ಮೇಡಂ, ನೀವು ಹೇಳ್ದಂಗೆ" ಎಂದು ಕಡ್ಡಿ ಎತ್ತಿದಳು. ಆ ಜಾಗ ಬಂತು. ಡ್ರಮ್ಮಿನವನಿಗೆ ಅಲ್ಲಿ ಕೆಲಸವಿರಲಿಲ್ಲ, ಸುಮ್ಮನೆ ಕುಳಿತಿದ್ದ. ಅವನ ಬಲ ಹೆಬ್ಬೆರಳು ತೊಡೆಯ ಮೇಲೆ ಒಮ್ಮೆ ಒತ್ತಿತು. ಪಕ್ಕದ ತುತ್ತೂರಿಯವನದೂ ಒತ್ತಿತು. ಇಬ್ಬರೂ ಉಸಿರು ಹಿಡಿದಿದ್ದರು. ನಲವತ್ತೈದರ ಗಂಡಸರು! ಇದೇನೆಂದು ಕೇಳಿದರೆ ಡ್ರಮ್ಮಿನವನು ನಾಚಿಕೊಂಡು, "ಒತ್ತದಿದ್ರೆ ಹಳ್ಳಕ್ಕೆ ಬೀಳ್ತೀವಲ್ಲ ಮೇಡಂ" ಎಂದ.

ಹೊರಗೆ ಹೋಗಿ ಸ್ವಲ್ಪ ಅತ್ತೆ. ಒಳಗೆ ಬಂದು ನಾಲ್ಕೂ ಸ್ವರಗಳನ್ನು ಹೊಡೆದು ಹಾಕಿದೆ. ಈಗ ಅಲ್ಲಿ ನಲವತ್ತು ಜನರೂ ಸುಮ್ಮನಿರುತ್ತಾರೆ.

ಆ ಜಾಗ ನಾನು ಮಾಡಿದ್ದಲ್ಲ, ನೀವು ಮಾಡಿದ್ದು. ಆದ್ದರಿಂದ ನನ್ನ ಹೆಸರಿನ ಕೆಳಗೆ ನಿಮ್ಮ ಹೆಸರೂ ಬರಬೇಕೆಂದು ಹೇಳಿದ್ದೇನೆ. ನಿಮ್ಮ ಒಪ್ಪಿಗೆ ಬೇಕಂತೆ. ಜೊತೆಗಿರುವ ಹಾಳೆಗೆ ಹೆಸರಿನ ಮುದ್ರೆ ಒತ್ತಿ ಇಪ್ಪತ್ತರೊಳಗೆ ಕಳಿಸಿ. ಯಾರು ನೋಡುತ್ತಾರೆ ಬಿಡಿ ಎನ್ನಬೇಡಿ, ಮತ್ತೆ ಜಗಳವಾಗುತ್ತದೆ.

ಇಂತಿ,
ಈರುಳ್ಳಿ ತೊಕಿಕೊ

ಹೇಳದೆ ಉಳಿದದ್ದು: ತೊಯಾಮಾದ ಹುಡುಗಿಯ ಕಾರ್ಡು ಇನ್ನೂ ನನ್ನ ಬಳಿ ಇದೆ. ನಲವತ್ತೊಂದು ಯೆನ್ನಿನ ಅಂಚೆಚೀಟಿಯನ್ನು ಎಷ್ಟು ನೀಟಾಗಿ ಅಂಟಿಸಿದ್ದೀರಿ! ಅದರ ಮೇಲೆ ಅಂಚೆ ಕಚೇರಿಯ ಮುದ್ರೆಯೂ ಬೀಳಬೇಕೆಂಬುದು ನಿಮಗೆ ಹೊಳೆಯಲಿಲ್ಲ. ಮೊದಲ ದಿನವೇ ನೋಡಿದ್ದೆ. ಬಾಯಿ ಬಿಟ್ಟಿದ್ದರೆ ರಾಜೀನಾಮೆ ಕೊಡಲೇಬೇಕಾಗುತ್ತಿತ್ತು. ನನಗೆ ಹೋಗುವ ಮನಸ್ಸಿರಲಿಲ್ಲ.