ಜಿಪ್ಪು ತಲೆಕೆಳಗಾದ ಚೀಲ

ಯಜಮಾನಿಯವರಿಗೆ ವಂದನೆಗಳು.

“ಎಷ್ಟು ಬೇಕೋ ಅಷ್ಟು ರಜೆ ತಗೊಳ್ಳಿ, ಸಂಬಳ ಹಿಡಿಯಲ್ಲ” ಎಂದು ನೀವು ಹೇಳಿದ ಮೇಲೆ ಯಾರೂ ರಜೆಯನ್ನೇ ಕೇಳಲಿಲ್ಲ. ಮೊದಲು ಕೇಳಿದವರು ಮೈಗಳ್ಳರು ಎನಿಸಿಕೊಳ್ಳುವ ಭಯ. ಅಕ್ಕ ಕಾಲು ಮುರಿದುಕೊಂಡಾಗ ನಾನೇ ಕೇಳಬೇಕಾಯಿತು. “ಹೋಗಿ ಬಾ” ಎಂದಿರಿ. ಯಾವಾಗ ಬರ್ತೀಯ ಎನ್ನಲಿಲ್ಲ.

ಅಕ್ಕ ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ.

ಮರಳಿ ಬಂದು ನೋಡಿದರೆ, ನನ್ನ ಮೆಷಿನ್ ಪಕ್ಕ ನೀವೇ ಹೊಲಿದ ಚೀಲಗಳ ರಾಶಿ! ನನ್ನ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ ನೀವು. ಆದರೆ ಅರ್ಧಕ್ಕರ್ಧ ಜಿಪ್ಪು ತಲೆಕೆಳಗು. ಎಲ್ಲವನ್ನೂ ಬಿಚ್ಚಿ ಹೊಲಿದೆ. ಒಂದನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೇನೆ.

ಒಂದು ಕೋರಿಕೆ. ನೀವಿನ್ನೂ ಒಂದು ದಿನವೂ ರಜೆ ಹಾಕಿಲ್ಲ. ಅಂಗಡಿಯ ಬೀಗದಕೈ ನನ್ನ ಕೈಗೆ ಕೊಟ್ಟು ಹೊರಡಿ. ಯಾವಾಗ ಬರುತ್ತೀರಿ ಎಂದು ನಾನೂ ಕೇಳುವುದಿಲ್ಲ.

ಇತಿ,
ಕಿಟಕಿ ಪಕ್ಕದ ಮೆಷಿನ್ನಿನವಳು