ವೀಳ್ಯದೆಲೆ ಬಕೆಟ್ಟು

ಮಲ್ಲತ್ತಹಳ್ಳಿ
9 ಫೆಬ್ರವರಿ 2025

ಪ್ರೀತಿಯ ರಾಮಕ್ಕನಿಗೆ ಕಲಾಳ ನಮಸ್ಕಾರ.

ನೀನು ಮನೆ ಖಾಲಿ ಮಾಡಿ ಕೆಂಗೇರಿಗೆ, ಮಗಳು ಸುಮಾಳ ಹತ್ತಿರ ಹೋಗಿ ಎರಡು ತಿಂಗಳಾಯ್ತು. ನೀನು ಮೂರು ಸಲ ಫೋನ್ ಮಾಡಿದೆ, ನಾನೇ ಎತ್ತಲಿಲ್ಲ. ತಪ್ಪು ನನ್ನದು. ಫೋನಲ್ಲಾದರೆ ನಾನು ಬಾಯಿ ಬಿಡೋ ಹೊತ್ತಿಗೆ ನೀನು ಊಟ ಆಯ್ತಾ ಅಂತ ಮಾತು ತಿರುಗಿಸಿಬಿಡ್ತೀಯ. ಕಾಗದದ ಮುಂದೆ ಆ ಆಟ ನಡೆಯಲ್ಲ. ಅದಕ್ಕೇ ಬರೀತಿದೀನಿ.

ಮಂಡಿನೋವು ಹೇಗಿದೆ? ಸುಮಾಳ ಮನೆಗೆ ಬಿಸಿಲೇ ಬರಲ್ಲ ಅಂದಿದ್ದೆಯಲ್ಲ, ಪುದೀನ ಹಾಕು, ಅದಕ್ಕೆ ಅಷ್ಟು ಬಿಸಿಲು ಬೇಡ. ನನ್ನ ಬಾಗಿಲ ಮುಂದಿನ ಮೂರಡಿ ಜಾಗದಲ್ಲಿ ಅವೇ ಹಳೇ ಪೇಂಟ್ ಬಕೆಟ್‌ಗಳು. ಬಸಳೆ ಗ್ರಿಲ್ ಹತ್ತಿದೆ. ಒಡೆದ ಕೊಡದಲ್ಲಿ ಟೊಮೆಟೊ ಕಾಯಿ ಬಿಟ್ಟಿದೆ.

ನಿನ್ನ ಮಹಡಿ ಮನೆಗೆ ಬಂದ ಸೌಂದರ್ಯಾಳೂ ಚೆನ್ನಾಗಿದ್ದಾಳೆ. ದಾವಣಗೆರೆ ಕಡೆಯವಳು. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಆ ಬಕೆಟ್ಟಿನ ಮುಂದೆ ಕೂತು ಎಲೆ ಒರೆಸ್ತಾಳೆ. ಹೌದು, ನಿನ್ನ ವೀಳ್ಯದೆಲೆ ಬಕೆಟ್ಟು. ನೋಡಿದರೆ ಹೊಟ್ಟೆ ಉರಿಯುತ್ತೆ. ಮುಚ್ಚಿಡಲ್ಲ. ಹತ್ತೊಂಬತ್ತು ವರ್ಷ ನಿನ್ನ ಕೆಳಗಿನ ಮನೆಯಲ್ಲಿದ್ದವಳು ನಾನು. ಗಾರ್ಮೆಂಟ್ಸ್ ಗೇಟಿನ ಮುಂದೆ ಹನ್ನೊಂದು ದಿನ ನಿನ್ನ ಪಕ್ಕ ಧರಣಿ ಕೂತವಳು ನಾನು. ಲಾಠಿ ಎತ್ತಿದಾಗ ನಿನ್ನ ಮೇಲೆ ಬಿದ್ದು ಬೆನ್ನು ಕೊಟ್ಟವಳೂ ನಾನೇ. ಬಳ್ಳಿ ಮಾತ್ರ ಮನೆ ನೋಡೋಕೆ ಬಂದು ಒಂದು ಲೋಟ ಕಾಫಿ ಕುಡಿದವಳಿಗೆ.

ನೆಡೋಕೆ ಒಂದು ತುಂಡು ಬಳ್ಳಿ ಕೊಡು ಅಂತ ನಾನು ಕೇಳಿದಾಗೆಲ್ಲ ನಿನ್ನದು ಒಂದೇ ಉತ್ತರ. "ನಿನ್ನ ಕೈ ಉಷ್ಣ ಕಣೇ ಕಲಾ. ಮುಟ್ಟಿದರೆ ಬಳ್ಳಿ ಬಾಡಿಹೋಗುತ್ತೆ. ಇರು, ನಾನೇ ಕಿತ್ಕೊಡ್ತೀನಿ." ಬಾಲ್ಕನಿಯಿಂದ ನೀನು ಎಲೆ ಉದುರಿಸ್ತಿದ್ದೆ, ನಾನು ಕೆಳಗೆ ನಿಂತು ಸೆರಗೊಡ್ಡಿ ಹಿಡೀತಿದ್ದೆ. ಮ್ಯಾನೇಜರ್ ಹೇಳಿದ ಒಂದು ಮಾತನ್ನೂ ನಂಬದವಳು ನಿನ್ನ ಈ ಮಾತು ನಂಬಿದೆ. ಉಷ್ಣದ ಕೈಗೆ ಬಸಳೆ ಹೇಗೆ ಬಂತು ಅಂತ ನನ್ನ ಗಂಡ ಅಂಜಿನಯ್ಯ ನಕ್ಕರೆ, ಅವನನ್ನೇ ಬೈದಿದ್ದೆ.

ಸಂಕ್ರಾಂತಿಗೆ ಸೌಂದರ್ಯಾ ಊರಿಗೆ ಹೊರಟಳು. ಹತ್ತು ದಿನ ಗಿಡಕ್ಕೆ ನೀರು ಹಾಕಿ ಆಂಟಿ ಅಂತ ಬೀಗದ ಕೈ ಕೊಟ್ಟಳು. ಮೊದಲ ದಿನ ದೂರದಲ್ಲೇ ನಿಂತು ಚೊಂಬಿನಿಂದ ಹೊಯ್ದು ಬಂದೆ. ಮಾರನೇ ದಿನ ತಡೆಯೋಕಾಗಲಿಲ್ಲ. ಎರಡೂ ಕೈಯಲ್ಲಿ ಬಳ್ಳಿ ಹಿಡಿದೆ. ಒಂದು ಎಲೆಯನ್ನೂ ಬಿಡದೆ ಮುಟ್ಟಿದೆ. ಬಾಡಲಿ ಅಂತಲೇ ಮುಟ್ಟಿದೆ ರಾಮಕ್ಕ. ನನಗೆ ಇಲ್ಲದ್ದು ಅವಳಿಗೂ ಬೇಡ ಅನ್ನಿಸಿತು. ಆಮೇಲೆ ದಿನಾ ಎದ್ದ ಕೂಡಲೇ ಓಡಿಹೋಗಿ ನೋಡೋದು, ಬಾಡಿತಾ ಅಂತ. ಬಾಡಲಿಲ್ಲ. ತುದಿಯಲ್ಲಿ ಎರಡು ಹೊಸ ಎಲೆ ಬಿಟ್ಟಿತ್ತು.

ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ಮೊಮ್ಮಗಳು ಅನಘಾಗೆ ನನ್ನ ಆಶೀರ್ವಾದ. ಯಾರು ಏನು ಹೇಳಿದರೂ ಯಾಕೆ ಅಂತ ಕೇಳೋ ಹುಡುಗಿಯಾಗಲಿ.

ಇಂತಿ,
ಕಲಾ

ತಾ.ಕ.: ಸೌಂದರ್ಯಾ ವಾಪಸ್ ಬಂದ ಮೇಲೆ ಎಲ್ಲಾ ಹೇಳಿಬಿಟ್ಟೆ. ಮುಟ್ಟಿದ್ದು, ಬಾಡಲಿ ಅಂದದ್ದು, ನನ್ನ ಕೈ ಉಷ್ಣ ಅನ್ನೋದು. ಅವಳು ತಲೆ ತಗ್ಗಿಸಿ ಹೇಳಿದಳು: "ಅವರು ಉಷ್ಣ ಅನ್ಲಿಲ್ಲ ಆಂಟಿ. ದೇವರಿಗಿಡೋ ಎಲೆ, ಕಲಾ ಕೈಲಿ ಮಾತ್ರ ಮುಟ್ಟಿಸಬೇಡ, ಅವರ ಜಾತಿ ಬೇರೆ ಅಂದ್ರು." ಹೇಳಿ ಒಳಗೆ ಹೋದವಳು ಕತ್ತರಿ ತಂದು, ಬಳ್ಳಿಯ ಒಂದು ತುಂಡು ಕತ್ತರಿಸಿ ನನ್ನ ಕೈಗೇ ಇಟ್ಟಳು. ಅದಿನ್ನೂ ಲೋಟದ ನೀರಿನಲ್ಲಿದೆ. ಬಕೆಟ್ಟಿಗೆ ಮಣ್ಣು ತುಂಬಿಟ್ಟಿದೀನಿ, ನೆಡೋಕೆ ಕೈ ಬರ್ತಿಲ್ಲ. ಲಾಠಿ ಬಿದ್ದ ದಿನ ನಿನ್ನ ಕೈಯಾರೆ ನನ್ನ ಬೆನ್ನಿಗೆ ಎಣ್ಣೆ ಹಚ್ಚಿದ್ದೆಯಲ್ಲ ರಾಮಕ್ಕ. ಆಮೇಲೆ ಮೇಲೆ ಹೋಗಿ ಸ್ನಾನ ಮಾಡಿದೆಯಾ? ಇದೊಂದಕ್ಕೆ ಉತ್ತರ ಬರಿ.