ಸಾಕಿದವಳನ್ನು ತಾಯಿ ಎಂದು ಬರೆದ ಅಪರಾಧ

ವಲಸೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಸುಳ್ಳುಗಾತಿ ಎಂದು ನಿಮ್ಮ ಕಚೇರಿ ತೀರ್ಪು ಕೊಟ್ಟಿದೆ. ವಿದ್ಯಾರ್ಥಿ ವೀಸಾದ ಬದಲು ಕಾಯಂ ನಿವಾಸದ ಪರವಾನಗಿ ಕೊಡಿ ಎಂದು ನಾನು ಸಲ್ಲಿಸಿದ ಅರ್ಜಿಯನ್ನು 'ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ನೀಡಿದ' ಕಾರಣಕ್ಕೆ ತಿರಸ್ಕರಿಸಿದ್ದೀರಿ. ಜೂನ್ ಮೂವತ್ತಕ್ಕೆ ನನ್ನ ವೀಸಾ ಮುಗಿಯುತ್ತದೆ. ಅಷ್ಟರೊಳಗೆ ಕಝಾಕಸ್ತಾನ ಬಿಟ್ಟು ಹೊರಡಬೇಕು, ಐದು ವರ್ಷ ಇತ್ತ ಕಾಲಿಡಬಾರದು. ಅಂಥದ್ದೇನು ಮಾಡಿದೆ ನಾನು? ಪದವಿ ಪತ್ರ ಕದ್ದೆನೇ? ಯಾರಿಗೋ ಹಣ ತೆತ್ತು ಹೆಸರಿಗೊಬ್ಬ ಗಂಡನನ್ನು ಮಾಡಿಕೊಂಡೆನೇ? ತಾಯಿಯ ಹೆಸರು ಎಂದಿದ್ದ ಕಡೆ ನನ್ನನ್ನು ಸಾಕಿ ಬೆಳೆಸಿದವಳ ಹೆಸರು ಬರೆದೆ. ಅಷ್ಟೇ.

ನಾನು ಹುಟ್ಟಿದ್ದು ಮಂಗೋಲಿಯದ ಬಯಾನ್-ಓಲ್ಗಿಯ ಕಝಾಕ್ ಮನೆಯಲ್ಲಿ. ಮನೆಯ ಮೊದಲ ಮೊಮ್ಮಗು ಹಿರಿಯರ ಪಾಲು ಎಂಬ ನಮ್ಮ ಪದ್ಧತಿಯನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ನಲವತ್ತು ದಿನ ತುಂಬಿದ ಮೇಲೆ ಹೆತ್ತವಳು ನನ್ನನ್ನು ತನ್ನ ಅತ್ತೆಯ ಮಡಿಲಿಗೆ ಹಾಕಿದಳು. ಅಂದಿನಿಂದ ತಾತ ಕಿನಾಯತ್ ನನಗೆ ಅಪ್ಪ, ಅಜ್ಜಿ ಕುಲಾಶ್ ನನಗೆ ಅಮ್ಮ. ಹುಟ್ಟಿಸಿದ ಸಾಯ್ಲಾವ್ ನನಗೆ ಅಣ್ಣ, ಹೆತ್ತವಳು ಅತ್ತಿಗೆ. ಅತ್ತಿಗೆ ಒಳ್ಳೆಯವಳು, ಅವಳ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಜ್ವರ ಬಂದಾಗ ನಾನು ಯಾವತ್ತೂ ಅತ್ತಿಗೇ ಎಂದು ನರಳಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಎರಡನೇ ಮಗನ ಜೊತೆ ಅಲ್ಮಾಟಿಯ ಪಕ್ಕದ ಹಳ್ಳಿಗೆ ಬಂದು ನೆಲೆಸಿದಳು. ಅವಳ ಪರವಾನಗಿಗೆ ನೀವೇ ಮುದ್ರೆ ಒತ್ತಿದ್ದೀರಿ. ನಾನು ಪಶುವೈದ್ಯಕೀಯ ಓದಲು ಬಂದು ಐದು ವರ್ಷ ಅವಳ ಜೊತೆಯಲ್ಲೇ ಇದ್ದೇನೆ. ಈಗ ಅವಳಿಗೆ ಎಪ್ಪತ್ತಾರು. ಐದು ವರ್ಷ ಬಿಟ್ಟು ಬಾ ಎಂದು ಹೇಳುವಾಗ ಆ ಲೆಕ್ಕವನ್ನು ನಿಮ್ಮ ಕಚೇರಿಯಲ್ಲಿ ಯಾರಾದರೂ ಹಾಕಿದ್ದಾರೆಯೇ?

ಜನನ ಪತ್ರದಲ್ಲಿ ಬೇರೆ ಹೆಸರುಗಳಿವೆ ಎನ್ನುತ್ತೀರಿ. ಇವೆ. ಆ ಜನನ ಪತ್ರವನ್ನು ಅರ್ಜಿಯ ಜೊತೆ ಪಿನ್ನು ಹೊಡೆದು ಕೊಟ್ಟವಳೂ ನಾನೇ. ಸುಳ್ಳು ಹೇಳಲು ಹೊರಟವಳು ತನ್ನ ಸುಳ್ಳಿಗೆ ಸಾಕ್ಷಿಯನ್ನು ತಾನೇ ತಂದು ಕೈಗಿಡುತ್ತಾಳೆಯೇ? ಹೋಗಲಿ, ಐದು ವರ್ಷವೂ ವೀಸಾ ನವೀಕರಿಸುವಾಗ ಅಮ್ಮನ ಇದೇ ಹೆಸರನ್ನು ಬರೆದಿದ್ದೆ. ಐದು ಸಲವೂ ನಿಮ್ಮವರು ತಲೆಯೆತ್ತದೆ ಮುದ್ರೆ ಒತ್ತಿದರು. ಓದಿ ಹೋಗುವವಳಾಗಿದ್ದಾಗ ನನ್ನ ಅಮ್ಮ ಅಮ್ಮನೇ ಆಗಿದ್ದಳು. ಉಳಿಯುತ್ತೇನೆ ಎಂದ ಕೂಡಲೇ ಅವಳು ಅಪರಾಧವಾದಳು. ಇದ್ಯಾವ ನ್ಯಾಯ ಸ್ವಾಮಿ? ನಿಮ್ಮ ಕಚೇರಿಯಲ್ಲಿ ಅರ್ಜಿ ಪಡೆಯುವ ಕಿಟಕಿಗಳ ಸುತ್ತ ಗೋಡೆಯ ತುಂಬ 'ಬಂಧುಗಳೇ, ತಾಯ್ನಾಡಿಗೆ ಮರಳಿ ಬನ್ನಿ' ಎಂಬ ಚಿತ್ರಪಟಗಳಿವೆ. ಕರೆಯುವುದು ಗೋಡೆ, ಓಡಿಸುವುದು ಕಿಟಕಿ.

ಇನ್ನು ನಿಮ್ಮ ಕೃಪೆಯ ವಿಷಯಕ್ಕೆ ಬರುತ್ತೇನೆ. ತಪ್ಪೊಪ್ಪಿಗೆಯ ನಮೂನೆಯೊಂದನ್ನು ತುಂಬಿಕೊಟ್ಟರೆ ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತೀರಂತೆ. ಅದರಲ್ಲಿ ಅಮ್ಮ ಸಹಿ ಹಾಕಬೇಕಾದ ಸಾಲು ಹೀಗಿದೆ: 'ನಾನು ಅರ್ಜಿದಾರಳ ತಾಯಿಯಲ್ಲ ಮತ್ತು ಎಂದೂ ಆಗಿರಲಿಲ್ಲ.' ಹೆತ್ತವಳಲ್ಲ ಎಂದಿದ್ದರೆ ನಾನೇ ಪೆನ್ನು ಕೊಡುತ್ತಿದ್ದೆ. 'ಎಂದೂ' ಎಂದು ಬರೆಸಿಕೊಳ್ಳುವ ಹಕ್ಕನ್ನು ನಿಮಗೆ ಯಾರು ಕೊಟ್ಟರು?

ಕಳೆದ ಸೋಮವಾರ ಅಮ್ಮನನ್ನು ಏಳನೇ ಕಿಟಕಿಗೆ ಕರೆತಂದೆ. ಅಲ್ಲಿ ಕೂರುವ ನಿಮ್ಮ ಗುಮಾಸ್ತೆ ಕೇಳಿದಳು: "ಅಜ್ಜೀ, ಈ ಹುಡುಗಿ ನಿಮಗೇನಾಗ್ಬೇಕು?"

"ಮಗಳು ಕಣವ್ವ. ಕೊನೇ ಮಗಳು."

"ಹೆತ್ತಿದ್ದು ಯಾರು?"

"ಸೊಸೆ ಹೆತ್ಲು."

"ಹಂಗಾದ್ರೆ ಮೊಮ್ಮಗಳು ಅನ್ನಿ."

"ಮೊಮ್ಮಕ್ಕಳು ಹನ್ನೊಂದಿದಾವೆ, ಬೇಕಾದ್ರೆ ಒಂದೊಂದಾಗಿ ಹೆಸರು ಹೇಳ್ತೀನಿ ಬರ್ಕೋ. ಇವಳು ಅದ್ರಲ್ಲಿ ಬರಲ್ಲ."

"ಅಯ್ಯೋ ಅಜ್ಜಿ, ಸುಮ್ನೆ ಒಂದು ಸಹಿ ಹಾಕ್ಬಿಡಿ. ಬರೀ ಕಾಗದ ಅಷ್ಟೆ."

"ಬರೀ ಕಾಗದ ಆದ್ರೆ ನೀನೇ ಹರಿದು ಬಿಸಾಕು ಮತ್ತೆ." ಅಮ್ಮ ಕಿಟಕಿಗೆ ಇನ್ನಷ್ಟು ಹತ್ತಿರ ಬಾಗಿದಳು. "ನೀನು ಯಾರ ಕೈಲಿ ಬೆಳೆದೋಳವ್ವ?"

ಗುಮಾಸ್ತೆ ಹುಡುಗಿ ಕೀಲಿಮಣೆ ನೋಡುತ್ತ, "ನಮ್ಮಜ್ಜಿ ಕೈಲಿ," ಎಂದಳು. ಆಮೇಲೆ ಮುಂದಿನವರನ್ನು ಕರೆದಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳು ಹೊಟ್ಟೆಪಾಡಿಗೆ ಕೂತವಳು. ಸಿಟ್ಟಿರುವುದು ನಿಮ್ಮ ಮೇಲೆ. ಎರಡು ವರ್ಷದ ಹಿಂದೆ ವಸಂತದ ಹಬ್ಬಕ್ಕೆ ನಮ್ಮ ಕಾಲೇಜಿಗೆ ಬಂದು, ಬಿಳಿ ಟೋಪಿ ಹಾಕಿಕೊಂಡು, ನೀವು ಮಾಡಿದ ಭಾಷಣ ನನಗೆ ಚೆನ್ನಾಗಿ ನೆನಪಿದೆ. "ನಾನು ಅಜ್ಜಿಯ ಮಡಿಲಲ್ಲಿ ಬೆಳೆದವನು, ಹತ್ತು ವರ್ಷದವರೆಗೆ ಹೆತ್ತ ತಾಯಿಯನ್ನು ಅತ್ತಿಗೆ ಅಂತಲೇ ಕರೀತಿದ್ದೆ," ಎಂದು ನೀವು ಕಣ್ಣೊರೆಸಿಕೊಂಡಿರಿ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ಪೆದ್ದಿ ನಾನು. ವೇದಿಕೆಯ ಮೇಲೆ ಸಂಸ್ಕೃತಿ ಎನಿಸಿದ್ದು ಮೇಜಿನ ಮೇಲೆ ವಂಚನೆ ಆದದ್ದು ಹೇಗೆ? ಉಪದೇಶ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತಾಯಿತು ನಿಮ್ಮ ಬಾಳು.

ಮನೆಗೆ ಬಂದವಳೇ ಆ ನಮೂನೆಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಇಂಥ ಸಾಲಿಗೆ ಅಮ್ಮನ ಸಹಿ ಪಡೆದು ಈ ದೇಶದಲ್ಲಿ ಉಳಿಯುವುದಕ್ಕಿಂತ ಗಂಟುಮೂಟೆ ಕಟ್ಟುವುದೇ ಮೇಲು ಎಂದುಕೊಂಡೆ. ಬುಧವಾರ ಚಹಾ ಬಸಿಯುತ್ತ ಅಮ್ಮನೇ ಮಾತೆತ್ತಿದಳು.

"ಆ ಕಾಗದ ತಾ ಇಲ್ಲಿ. ಸಹಿ ಹಾಕ್ತೀನಿ."

"ಬೇಡಮ್ಮ. ಅದ್ರಲ್ಲಿ ಏನು ಬರ್ದಿದೆ ಗೊತ್ತಲ್ಲ ನಿಂಗೆ."

"ಗೊತ್ತು, ಓದಿದೀನಿ. ನೀನು ಗಡಿ ದಾಟಿ ಹೋಗಿ, ಮಗಳು ಪಕ್ಕದಲ್ಲಿಲ್ದೆ ನಾನಿಲ್ಲಿ ಸತ್ರೆ, ಆಗ ಆ ಕಾಗದ ನಿಜ ಆಗೋಗುತ್ತೆ. ಈಗಿನ್ನೂ ಸುಳ್ಳು. ಸುಳ್ಳಿಗೆ ಸಹಿ ಹಾಕೋಕೆ ನಂಗೇನು ಭಯ?"

ನಾನು ಅತ್ತುಬಿಟ್ಟೆ ಮಾನ್ಯರೇ. ಇಪ್ಪತ್ಮೂರು ವರ್ಷದ ಹೆಣ್ಣು, ಕುದುರೆಯ ಕಾಲು ಹಿಡಿದು ಸೂಜಿ ಚುಚ್ಚುವವಳು, ಚಿಕ್ಕ ಮಗುವಿನ ಹಾಗೆ ಅತ್ತೆ. ಮಾರನೇ ದಿನ ಅವಳು ನೋಟರಿಯ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ನಮೂನೆ ತುಂಬಿದಳು.

ಅದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ನೀವು ಹೇಳಿದ ಜಾಗದಲ್ಲಿ ನೀವು ಹೇಳಿದಂತೆಯೇ ಸಹಿ ಇದೆ. ಅದರ ಕೆಳಗೆ 'ಅರ್ಜಿದಾರಳೊಂದಿಗೆ ಸಂಬಂಧ' ಎಂದು ಇನ್ನೊಂದು ಖಾಲಿ ಗೆರೆ ಬಿಟ್ಟಿದ್ದೀರಿ, ಅದನ್ನೂ ಅವಳು ತುಂಬಿದ್ದಾಳೆ. ದುಂಡಗೆ 'ತಾಯಿ' ಎಂದು ಬರೆದಿದ್ದಾಳೆ. ನೋಟರಿ ಎರಡು ಸಲ ಓದಿ ಮುದ್ರೆ ಒತ್ತಿದ. ತಿದ್ದಮ್ಮ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಜೂನ್ ಮೂವತ್ತರೊಳಗೆ ಈ ನಮೂನೆಯನ್ನು ಇರುವ ಹಾಗೆಯೇ ಸ್ವೀಕರಿಸಿ ಪರವಾನಗಿ ಕೊಡಿ. ಇಲ್ಲವಾದರೆ ನೀವೇ ನಮ್ಮ ಮನೆಗೆ ಬಂದು, ಅವಳೆದುರು ಕೂತು, ಆ ಒಂದು ಪದವನ್ನು ನಿಮ್ಮ ಕೈಯಾರೆ ಹೊಡೆದುಹಾಕಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಸ್ವಂತ ಅಣ್ಣನಿಗೇ ಮಗಳಾಗಿರುವ
ಯೆರ್ಕೆಗುಲ್